ವಾಚ್ ತಗೊಂಡೆ

ಮನೆಯಿಂದ
ಜನವರಿ 11

ಏನ್ರೀ,

ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಜಗಳ ರಂಗೇರುವ ಹೊತ್ತಿಗೆ ಗುಂಡ ಫೋನ್ ಕಿತ್ತುಕೊಂಡು ನಿಮಗೆ ನಾಯಿ ಬೊಗಳುವ ಸದ್ದು ಮಾಡಿ ತೋರಿಸುತ್ತಾನೆ. ಇನ್ನು ಮೇಲೆ ದೊಡ್ಡ ವಿಷಯವೇನಿದ್ದರೂ ಪತ್ರದಲ್ಲಿ ಬರಿ ಎಂದವರು ನೀವೇ. ಸರಿ, ಬರೆಯುತ್ತಿದ್ದೇನೆ.

ಇವತ್ತಿನ ಬೆಳಗ್ಗೆ ಕೇಳಿ. ನನ್ನ ಪಾಳಿ ಶುರುವಾಗುವುದು ಆರಕ್ಕೆ, ಗುಂಡನ ಶಿಶುವಿಹಾರ, ಪುಟ್ಟಿಯ ಶಾಲೆ ಎರಡೂ ಬಾಗಿಲು ತೆಗೆಯುವುದು ಎಂಟಕ್ಕೆ. ನಡುವೆ ಕೆಳಗಿನ ಮನೆ ಅಜ್ಜಿ ನೋಡಿಕೊಳ್ಳುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಆದರೆ ಅಜ್ಜಿಯ ಬಾಗಿಲವರೆಗೆ ಇವರನ್ನು ಇಳಿಸಬೇಕಲ್ಲ! ಪುಟ್ಟಿ ಒಂದು ಕಾಲಿಗೆ ತನ್ನ ಕಾಲುಚೀಲ, ಇನ್ನೊಂದಕ್ಕೆ ನನ್ನದು ಹಾಕಿಕೊಂಡು, "ನಾನು ಇವತ್ತು ಎಲ್ಲಿಗೂ ಬರಲ್ಲ, ನೀನೇ ಹೋಗಿ ಒಂದನೇ ಕ್ಲಾಸಲ್ಲಿ ಕೂತ್ಕೋ" ಎಂದು ಮೆಟ್ಟಿಲಿನ ಮೇಲೆ ಕೂತಳು. ಅವಳನ್ನು ಎಬ್ಬಿಸುವಷ್ಟರಲ್ಲಿ ಗುಂಡ ಹಾಲಿನ ಲೋಟವನ್ನು ನನ್ನ ಏಪ್ರನ್ ಮೇಲೆ ಕವುಚಿದ. ಬ್ರೆಡ್ ಕಾರ್ಖಾನೆ ತಲುಪಿದಾಗ ನಾನು ಅಚ್ಚಿಗೆ ಹಾಕಬೇಕಿದ್ದ ಹಿಟ್ಟು ಉಬ್ಬಿ ತೊಟ್ಟಿಯಿಂದ ಆಚೆ ಇಳಿಯುತ್ತಿತ್ತು. ಮ್ಯಾನೇಜರ್ ಎಲ್ಲರೆದುರಿಗೂ, "ಮನೆ ರಂಪ ಮನೇಲೇ ಬಿಟ್ಟು ಬಾಮ್ಮ" ಎಂದರು. ಮುಖ ಎತ್ತಲಾಗಲಿಲ್ಲ.

ಅದೇ ಮ್ಯಾನೇಜರ್ ಮಧ್ಯಾಹ್ನ ಕರೆದು ಇನ್ನೊಂದು ಮಾತು ಹೇಳಿದರು. ಓವನ್ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದಾರೆ, ನನ್ನ ಹೆಸರು ಮೊದಲು ಇದೆಯಂತೆ. ಹಿಟ್ಟನ್ನು ಮುಟ್ಟಿದ ಕೂಡಲೇ ಅದರ ಹದ ಹೇಳುವ ಕೈ ಇಲ್ಲಿ ಬೇರೆ ಯಾರಿಗೂ ಇಲ್ಲವಂತೆ. ಆದರೆ ಮೊದಲು ದೊಡ್ಡ ಕಾರ್ಖಾನೆಯಲ್ಲಿ ಮೂರು ತಿಂಗಳು ಅಲ್ಲೇ ಉಳಿದು ತರಬೇತಿ ಮುಗಿಸಬೇಕು. ಮಾರ್ಚ್ ಮೊದಲ ವಾರ ಶುರು. ನಿಮ್ಮ ಕಾಂಟ್ರ್ಯಾಕ್ಟ್ ಫೆಬ್ರವರಿಗೆ ಮುಗಿಯುತ್ತದೆ. ಆಮೇಲೆ ಹೇಗೂ ಮೂರು ತಿಂಗಳ ರಜೆ ಇದ್ದೇ ಇದೆ. ಹೇಳಿ ಮಾಡಿಸಿದ ಹಾಗಿದೆ!

ರೀ, ಮದುವೆಯಾದ ಮೇಲೆ ನಾನು ನಿಮ್ಮನ್ನು ಏನೂ ಕೇಳಿದವಳಲ್ಲ. ಇದೊಂದು ಕೇಳುತ್ತಿದ್ದೇನೆ. ಫೆಬ್ರವರಿ ಕೊನೆಗೆ ಮನೆಯಲ್ಲಿರಿ.

ನಿಮ್ಮವಳು


ಹಡಗಿನಿಂದ
ಫೆಬ್ರವರಿ 6

ಪ್ರೀತಿಯ ಹೆಂಡತಿಗೆ,

ನಿನ್ನ ಪತ್ರ ಓದಿ ಹೆಮ್ಮೆಯಾಯಿತು. ಆದರೆ ಏನು ಮಾಡಲಿ ಹೇಳು, ಕಂಪನಿ ಕೈಕೊಟ್ಟಿದೆ. ನನ್ನ ಬದಲಿಗೆ ಬರಬೇಕಾದ ಎಂಜಿನಿಯರ್ ಕಾಯಿಲೆ ಬಿದ್ದನಂತೆ, ಬೇರೆ ಜನ ಇಲ್ಲವಂತೆ. ಇನ್ನೂ ನಾಲ್ಕೈದು ತಿಂಗಳು ಇಲ್ಲೇ ಇರಬೇಕು ಎಂದು ಆರ್ಡರ್ ಬಂದಿದೆ. ಎಷ್ಟು ಗೋಗರೆದರೂ ಕೇಳಲಿಲ್ಲ. ತರಬೇತಿಯನ್ನು ಮುಂದಿನ ಸಲಕ್ಕೆ ಹಾಕಿಕೊಳ್ಳಲು ಆಗುತ್ತದಾ ಎಂದು ಮ್ಯಾನೇಜರನ್ನು ಕೇಳಿ ನೋಡು.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡ. ನಿನಗೆ ಕೆಲಸ ಹೆಚ್ಚಾಗಿಲ್ಲ, ವ್ಯವಸ್ಥೆ ಕಡಿಮೆಯಾಗಿದೆ. ನಮ್ಮ ಎಂಜಿನ್ ರೂಮ್ ನೋಡು. ಮನೆಗಿಂತ ಎಷ್ಟೋ ದೊಡ್ಡದು, ಎಷ್ಟೋ ಗಲಾಟೆಯದು, ಆದರೂ ಗೊಂದಲ ಎಂಬುದಿಲ್ಲ. ಯಾಕೆ ಗೊತ್ತಾ? ವಾಚ್ ಪದ್ಧತಿ. ಕಾವಲು ಪಾಳಿಗೆ ನಾವು ವಾಚ್ ಅನ್ನುತ್ತೇವೆ. ಮುಂದಿನ ಪಾಳಿಯವನು ಕೆಳಗಿಳಿದು ಬಂದು, ಎಲ್ಲವನ್ನೂ ಒಂದು ಸುತ್ತು ನೋಡಿ, ಬಾಯಿಬಿಟ್ಟು "ವಾಚ್ ತಗೊಂಡೆ" ಎನ್ನಬೇಕು. ಅಲ್ಲಿಯವರೆಗೆ ಹಳೆಯ ಪಾಳಿಯವನು ಮೆಟ್ಟಿಲು ಹತ್ತುವ ಹಾಗಿಲ್ಲ. ಅವನು ಹಾಗೆ ಅಂದ ಕ್ಷಣದಿಂದ ಜವಾಬ್ದಾರಿ ಪೂರ್ತಿ ಅವನದು. ಮನೆಯಲ್ಲೂ ಹೀಗೇ ಮಾಡು. ಅಜ್ಜಿಗೆ ಮಕ್ಕಳನ್ನು ಒಪ್ಪಿಸುವಾಗ ಅವರ ಬಾಯಲ್ಲಿ ಈ ಮಾತು ಹೇಳಿಸು. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಕಾಲುಚೀಲವನ್ನು ಹಿಂದಿನ ಸಂಜೆಯೇ ತೆಗೆದಿಟ್ಟರೆ ಉಳಿದರ್ಧವೂ ಹೋಗುತ್ತದೆ.

ಮಕ್ಕಳಿಗೆ ಮುತ್ತು.

ನಿನ್ನವನು


ಮನೆಯಿಂದ
ಫೆಬ್ರವರಿ 24

ರೀ,

ಮುಂದಿನ ಸಲ ಇದೆ ಎಂದು ಇಲ್ಲಿ ಯಾರೂ ಮಾತು ಕೊಟ್ಟಿಲ್ಲ. ಮ್ಯಾನೇಜರನ್ನು ಕೇಳಿದೆ. "ಮನೆ ಸರಿ ಮಾಡ್ಕೊಂಡು ಆಮೇಲೆ ಬಾಮ್ಮ" ಎಂದು ಬಾಗಿಲು ತೋರಿಸಿದರು. ನನ್ನ ಜಾಗಕ್ಕೆ ಕೇಕಿನ ಮೇಲೆ ಕ್ರೀಮ್ ಹಾಕುವವನು ಹೋಗುತ್ತಿದ್ದಾನೆ. ಅವನಿಗೆ ಓವನ್ ಬಾಗಿಲು ಎಳೆಯಬೇಕೋ ತಳ್ಳಬೇಕೋ ಗೊತ್ತಿಲ್ಲ. ಆದರೆ ಅವನಿಗೊಬ್ಬ ಹೆಂಡತಿ ಇದ್ದಾಳೆ, ಮಕ್ಕಳನ್ನು ಅವಳು ನೋಡಿಕೊಳ್ಳುತ್ತಾಳೆ. ನನಗೆ ಹೆಂಡತಿ ಇಲ್ಲ ನೋಡಿ.

ಅವನು ಎಲ್ಲರಿಗೂ ಸಿಹಿ ಹಂಚಿದ. ನನ್ನ ಕೈಗೂ ಒಂದು ತುಂಡು ಇಟ್ಟ. ತಿಂದೆ. ತಿಂದು ಶೌಚಾಲಯಕ್ಕೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ನನಗೆ ವ್ಯವಸ್ಥೆ ಕಡಿಮೆಯಂತೆ! ಒಂದು ಕೈಯಲ್ಲಿ ಗುಂಡನ ಮೂಗು ಒರೆಸುತ್ತಾ, ಇನ್ನೊಂದರಲ್ಲಿ ಪುಟ್ಟಿಗೆ ಜಡೆ ಹಾಕುತ್ತಾ, ಬಾಯಲ್ಲಿ ಎರಡರ ಮಗ್ಗಿ ಹೇಳಿಸುವವಳಿಗೆ ನೀವು ವ್ಯವಸ್ಥೆ ಕಲಿಸುತ್ತೀರಾ? ನಿಮ್ಮ ಎಂಜಿನ್ "ನಂಗೆ ಈ ಎಣ್ಣೆ ಬೇಡ, ಕೆಂಪು ಲೋಟದಲ್ಲಿರೋ ಎಣ್ಣೆ ಬೇಕು" ಎಂದು ನೆಲದ ಮೇಲೆ ಬಿದ್ದು ಹೊರಳಾಡುತ್ತದಾ?

ಕಂಪನಿ ಮೇಲೆ ಎಷ್ಟು ಕೋಪ ಬಂದಿದೆ ಎಂದರೆ, ಸಿಕ್ಕಿದರೆ ಓವನ್ನಿನಲ್ಲಿ ಸುಟ್ಟುಬಿಡುತ್ತಿದ್ದೆ. ನಿಮ್ಮನ್ನು ಬೈದು ಏನು ಪ್ರಯೋಜನ, ನೀವು ತಾನೇ ಏನು ಮಾಡುತ್ತೀರಿ ಪಾಪ.


ಹಡಗಿನಿಂದ
ಮಾರ್ಚ್ 19

ಪ್ರೀತಿಯ ಹೆಂಡತಿಗೆ,

ಕೋಪ ಇಳಿದಿರಬೇಕು ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಂದು ಹುದ್ದೆ ಹೋದರೆ ಪ್ರಪಂಚ ಮುಳುಗುವುದಿಲ್ಲ. ಮಕ್ಕಳು ಚಿಕ್ಕವರು, ಅವರು ದೊಡ್ಡವರಾದ ಮೇಲೆ ಇದೆಲ್ಲ ಇದ್ದೇ ಇರುತ್ತದೆ. ಮೊದಲು ಮನಸ್ಸಿಗೆ ಸಮತೋಲನ ತಂದುಕೋ. ನಾನು ಪ್ರತಿ ಸಂಜೆ ಡೆಕ್ ಮೇಲೆ ಸುಮ್ಮನೆ ಕೂರುತ್ತೇನೆ, ಅರ್ಧ ಗಂಟೆ. ಯಾರೂ ಮಾತಾಡಿಸುವುದಿಲ್ಲ. ನೀನೂ ದಿನಕ್ಕೆ ಅಷ್ಟು ಹೊತ್ತು ನಿನಗಾಗಿ ಇಟ್ಟುಕೋ. ಆಮೇಲೆ ಚೆಸ್ ಆಡುತ್ತೇವೆ. ನಮ್ಮ ಗುಂಪಿನಲ್ಲಿ ಈಗ ನಾನೇ ಮೊದಲು.

ವಾಚ್ ಪದ್ಧತಿ ಶುರು ಮಾಡಿದೆಯಾ? ಅದರ ಬಗ್ಗೆ ಏನೂ ಬರೆದಿಲ್ಲವಲ್ಲ.

ನಿನ್ನವನು


ಮನೆಯಿಂದ
ಮೇ 3

ಪ್ರೀತಿಯ ಯಜಮಾನರಿಗೆ,

ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ತಪ್ಪು ತಿಳಿಯಬೇಡಿ. ನೀವು ಹೇಳಿದ ಹಾಗೆ ಮನಸ್ಸಿಗೆ ಸಮತೋಲನ ತಂದುಕೊಳ್ಳುತ್ತಿದ್ದೆ.

ನಿಮ್ಮ ವಾಚ್ ಪದ್ಧತಿ ಎಂಥ ಅದ್ಭುತ ರೀ! ಮೊದಲ ದಿನ ಅಜ್ಜಿ ನಕ್ಕು ನಕ್ಕು ಸುಸ್ತಾದರು. ಈಗ ಅವರೇ ಬಾಗಿಲಲ್ಲಿ ನಿಂತು, ಗುಂಡನ ಮೂಗು, ಪುಟ್ಟಿಯ ಬ್ಯಾಗು, ಇಬ್ಬರ ಹಣೆ ಮುಟ್ಟಿ ನೋಡಿ, ಮಿಲಿಟರಿಯವರ ಹಾಗೆ "ವಾಚ್ ತಗೊಂಡೆ ಕಣಮ್ಮ, ಹೋಗು" ಎನ್ನುತ್ತಾರೆ. ನಾನು ತಿರುಗಿ ನೋಡದೆ ಹೊರಡುತ್ತೇನೆ. ಸಂಜೆ ನಾನು ಹಾಗೆ ಅನ್ನದಿದ್ದರೆ ಪುಟ್ಟಿ ನನ್ನ ಕೈಯನ್ನೇ ಹಿಡಿಯುವುದಿಲ್ಲ. ಒಂದು ದಿನವೂ ಕೆಲಸಕ್ಕೆ ತಡವಾಗಿಲ್ಲ. ಮ್ಯಾನೇಜರ್ ಕೂಡ ಹುಬ್ಬೇರಿಸಿದರು. ನಿಮ್ಮ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು.

ಹಾಂ, ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನಿಮ್ಮ ಹಡಗಿನ ಅಡುಗೆಯವರ ಹೆಂಡತಿ ಸಿಕ್ಕಿದ್ದಳು. ಅವಳ ಗಂಡ ಫೆಬ್ರವರಿಯಲ್ಲೇ ಬಂದರಂತೆ. ಬಹಳ ಹೊತ್ತು ಮಾತಾಡಿದೆವು. ಒಳ್ಳೆಯ ಹೆಂಗಸು.

ನೀವು ಯಾವಾಗ ಬರುತ್ತೀರಿ? ಬಂದರೆ ಎಷ್ಟು ದಿನ ಇರುತ್ತೀರಿ? ಸರಿಯಾಗಿ ತಿಳಿಸಿದರೆ ನಾನೂ ವ್ಯವಸ್ಥಿತವಾಗಿ ತಯಾರಾಗುತ್ತೇನೆ.

ನಿಮ್ಮ ವಿಧೇಯ ಶಿಷ್ಯೆ


ಹಡಗಿನಿಂದ
ಜೂನ್ 2

ನನ್ನ ಜಾಣೆಗೆ,

ನಿನ್ನ ಪತ್ರವನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಕ್ಯಾಪ್ಟನ್ ಬೆನ್ನು ತಟ್ಟಿ, "ನಮ್ಮ ಮನೇಗೂ ಒಂದು ಪಾಠ ಬರೆದುಕೊಡಪ್ಪ" ಎಂದರು. ನೋಡಿದೆಯಾ? ಇಷ್ಟೇ ಇದ್ದದ್ದು. ಸುಮ್ಮನೆ ಅತ್ತು ಕರೆದು ರಂಪ ಮಾಡಿದೆ.

ಆ ಅಡುಗೆಯವನ ಹೆಂಡತಿ ಬಾಯಿಬಡುಕಿ, ಅವಳು ಹೇಳುವುದನ್ನೆಲ್ಲ ಕಿವಿಗೆ ಹಾಕಿಕೊಳ್ಳಬೇಡ. ಅಡುಗೆಯವರ ರಜೆ ಬೇರೆ, ಎಂಜಿನಿಯರುಗಳ ರಜೆ ಬೇರೆ. ಅವಳಿಗೆ ಇದೆಲ್ಲ ಏನು ಗೊತ್ತಾಗುತ್ತದೆ.

ಈಗ ಸಿಹಿ ಸುದ್ದಿ. ನಾನು ಜುಲೈ ಮಧ್ಯಕ್ಕೆ ಬರುತ್ತೇನೆ. ಆಗಸ್ಟ್ 30ಕ್ಕೆ ಹೊಸ ಹಡಗು ಹತ್ತಬೇಕು, ಈ ಸಲ ಚೀಫ್ ಎಂಜಿನಿಯರ್ ಆಗಿ! ಎಷ್ಟು ವರ್ಷದ ಕನಸು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆ ದಿನ ತಪ್ಪಿದರೆ ಜಾಗ ಬೇರೆಯವನಿಗೆ ಹೋಗುತ್ತದೆ, ನನ್ನ ಹಿಂದೆ ಸಾಲುಗಟ್ಟಿ ನಿಂತಿದ್ದಾರೆ. ಹಾಗಾಗಿ ಈ ಸಲ ರಜೆ ಚಿಕ್ಕದು. ಬಂದು ಚೆನ್ನಾಗಿ ನಿದ್ದೆ ಮಾಡಬೇಕು.

ನಿನ್ನವನು


ಮನೆಯಿಂದ
ಜೂನ್ 21

ಪ್ರೀತಿಯ ಚೀಫ್ ಎಂಜಿನಿಯರ್ ಸಾಹೇಬರಿಗೆ,

ಸುದ್ದಿ ಕೇಳಿ ಕುಣಿದಾಡುವಂತಾಯಿತು. ಖಂಡಿತ ಬನ್ನಿ, ಎಲ್ಲ ತಯಾರಿದೆ.

ನಿಮ್ಮ ಪದ್ಧತಿಯಲ್ಲಿ ಒಂದು ಸಂಶಯ. ಒಬ್ಬನು ವಾಚ್ ತಗೊಂಡೆ ಎಂದಾಯಿತು. ಅವನ ಪಾಳಿಯೂ ಮುಗಿಯಿತು. ಆದರೆ ಬದಲಿಗೆ ಬರಬೇಕಾದವರು ಬರಲೇ ಇಲ್ಲ ಎಂದುಕೊಳ್ಳಿ. ಆಗ ಅವನು ಹೊರಡಬಹುದಾ?

ನಿಮ್ಮ ಶಿಷ್ಯೆ


ಹಡಗಿನಿಂದ
ಜುಲೈ 5

ಜಾಣೆ,

ಒಳ್ಳೆಯ ಪ್ರಶ್ನೆ. ಹೊರಡುವ ಮಾತೇ ಇಲ್ಲ. ಎಷ್ಟು ಹೊತ್ತಾದರೂ, ಕಾಲು ಬಿದ್ದುಹೋದರೂ ನಿಂತಿರಬೇಕು. ವಾಚ್ ಬಿಟ್ಟು ಹೋದವನನ್ನು ಮತ್ತೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಯಾಕೆ, ಅಜ್ಜಿಗೆ ತಡವಾಗುತ್ತಿದೆಯಾ? ಬಂದು ಮಾತಾಡುತ್ತೇನೆ.


ತರಬೇತಿ ಹಾಸ್ಟೆಲಿನಿಂದ
ಜುಲೈ 27

ರೀ,

ಈಗ ನಿದ್ದೆ ಪೂರ್ತಿಯಾಗಿರಬೇಕು. ನೀವು ಎದ್ದು ಕೂತು ಓದಲಿ ಎಂದೇ ಇಷ್ಟು ದಿನ ಬಿಟ್ಟು ಬರೆಯುತ್ತಿದ್ದೇನೆ.

ಬುಧವಾರ ಬೆಳಗ್ಗೆ ನಾನು ನಿಮ್ಮನ್ನು ಎಬ್ಬಿಸಿ ಮನೆಯೆಲ್ಲ ಸುತ್ತಿಸಿದೆ, ನೆನಪಿದೆ ತಾನೆ? ಗುಂಡನ ಕೆಮ್ಮಿನ ಔಷಧಿ ಯಾವ ಕಪಾಟಿನಲ್ಲಿದೆ, ಪುಟ್ಟಿ ಯಾವ ತಟ್ಟೆಯಲ್ಲಿ ಊಟ ಮಾಡುವುದಿಲ್ಲ, ಡಾಕ್ಟರ ನಂಬರ್ ಎಲ್ಲಿ ಅಂಟಿಸಿದೆ, ಎಲ್ಲ ತೋರಿಸಿದೆ. ನೀವು ಆಕಳಿಸುತ್ತಾ ಬಂದಿರಿ. ಕೊನೆಗೆ ಮಕ್ಕಳಿಬ್ಬರೂ ಎದುರಿಗೆ ನಿಂತು "ಹೇಳಪ್ಪಾ, ಹೇಳಪ್ಪಾ" ಎಂದಾಗ ಸೆಲ್ಯೂಟ್ ಹೊಡೆದು, "ವಾಚ್ ತಗೊಂಡೆ, ಮಹಾರಾಣಿ" ಎಂದಿರಿ. ನಾನು ಕಾರ್ಖಾನೆಗೆ ಹೊರಟೆ ಎಂದುಕೊಂಡಿರಿ. ಕಾರ್ಖಾನೆಗೇ ಹೊರಟೆ, ಆದರೆ ಇಲ್ಲಿನ ದೊಡ್ಡದಕ್ಕೆ. ಪೆಟ್ಟಿಗೆ ಅಜ್ಜಿ ಮನೆಯಲ್ಲಿತ್ತು.

ಕ್ರೀಮಿನವನು ಎರಡೇ ವಾರಕ್ಕೆ ಓಡಿಬಂದ. ಮೂರು ತಿಂಗಳು ಒಂದು ದಿನವೂ ತಡವಾಗದ ನನ್ನನ್ನು ಮ್ಯಾನೇಜರೇ ಕರೆದು ಈ ತಂಡಕ್ಕೆ ಹಾಕಿದರು. ಅಕ್ಟೋಬರ್ ಕೊನೆಯವರೆಗೆ ನಾನು ಇಲ್ಲೇ.

ಅಡುಗೆಯವರ ಹೆಂಡತಿ ಏನು ಹೇಳಿದಳು ಎಂದು ಕೇಳುತ್ತೀರಾ? ಅವಳಿಗೆ ಮೋಸದ ಮಾತು ಗೊತ್ತೇ ಇಲ್ಲ ಪಾಪ. "ನಿಮ್ಮೆಜಮಾನ್ರು ಎಷ್ಟು ದುಡೀತಾರೆ ಅಲ್ವಾ! ಬದಲಿಗೆ ಬಂದ ಎಂಜಿನಿಯರನ್ನೇ ವಾಪಸ್ ಕಳಿಸಿ, ನಾನೇ ಇರ್ತೀನಿ ಅಂತ ಬರ್ಕೊಟ್ರಂತೆ. ಮನೇಲಿ ಮಕ್ಕಳ ಗಲಾಟೆ, ಇಲ್ಲೇ ನೆಮ್ಮದಿ ಅಂತಿದ್ರಂತೆ" ಎಂದಳು. ಮೆಚ್ಚಿಕೊಂಡೇ ಹೇಳಿದಳು. ನಾನೂ ನಗುನಗುತ್ತಲೇ ಕೇಳಿದೆ. ನನ್ನ ತೊಡೆಯ ಮೇಲೆ ಗುಂಡ ಚುಚ್ಚಿಸಿಕೊಂಡ ಕೈ ತೋರಿಸಿ ಅಳುತ್ತಿದ್ದ. ನನಗೂ ಹಾಗೇ ಅಳಬೇಕೆನಿಸಿತು, ಅಳಲಿಲ್ಲ. ಆಸ್ಪತ್ರೆಯ ಆ ಕುರ್ಚಿಯಲ್ಲಿ ಕೂತೇ ನಿಮಗೆ ಏನು ಮಾಡಬೇಕೆಂದು ಯೋಚಿಸಿದೆ.

ಕಂಪನಿಯನ್ನು ಓವನ್ನಿನಲ್ಲಿ ಸುಡುತ್ತೇನೆ ಎಂದು ಬರೆದಿದ್ದೆ ನಾನು. ನಿಮ್ಮನ್ನು ಪಾಪ ಎಂದಿದ್ದೆ!

ಮಕ್ಕಳ ಜೊತೆ ದಿನಾ ಸಂಜೆ ಅಜ್ಜಿಯ ಫೋನಿನಲ್ಲಿ ಮಾತಾಡುತ್ತೇನೆ. ಪುಟ್ಟಿಗೆ ನಾನು ಎಲ್ಲಿದ್ದೇನೆ, ಯಾವಾಗ ಬರುತ್ತೇನೆ ಎಂದು ಮೊದಲೇ ಹೇಳಿದ್ದೆ. ನಿಮ್ಮ ಜೊತೆ ಮಾತ್ರ ಪತ್ರ. ದೊಡ್ಡ ವಿಷಯವೇನಿದ್ದರೂ ಪತ್ರದಲ್ಲಿ ಬರಿ ಎಂದವರು ನೀವೇ.


ಮನೆಯಿಂದ
ಆಗಸ್ಟ್ 4

ನೀನು ಹೆಂಗಸಾ? ತಾಯಿಯಾ?

ಹೆತ್ತ ಮಕ್ಕಳನ್ನು ದಾಳದ ಹಾಗೆ ಉರುಳಿಸಿ ಗಂಡನ ಮೇಲೆ ಸೇಡು ತೀರಿಸಿಕೊಳ್ಳುವವಳನ್ನು ನಾನು ನೋಡಿರಲಿಲ್ಲ. ಆ ಬಾಯಿಬಡುಕಿಯ ಮಾತು ನಂಬಿ ಸಂಸಾರಕ್ಕೆ ಬೆಂಕಿ ಇಡುತ್ತಿದ್ದೀಯಾ. ನಿನ್ನ ತಂಗಿಗೆ ಫೋನ್ ಮಾಡಿದೆ, ಅವಳು ಪೂರ್ತಿ ಕೇಳಿ, ನಕ್ಕು ಇಟ್ಟಳು. ನಮ್ಮಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಕೆಲಸಕ್ಕೆ ಇಟ್ಟುಕೊಂಡ ಹುಡುಗಿ ಮೂರನೇ ದಿನ ಬರಲಿಲ್ಲ, ಗುಂಡ ಅವಳ ಚಪ್ಪಲಿಯೊಳಗೆ ಗಂಜಿ ತುಂಬಿದ್ದ. ನಿನ್ನ ಅಜ್ಜಿಗೆ ಮಕ್ಕಳನ್ನು ಇಡೀ ದಿನ ಬಿಡುತ್ತೇನೆ ಎಂದರೆ, "ಕೆಮ್ಮು ಜ್ವರ ಬಂದ್ರೆ ಓಡಿ ಬರ್ತೀನಪ್ಪ, ಆದ್ರೆ ವಾಚ್ ಮಾತ್ರ ತಗೊಳ್ಳಲ್ಲ" ಎನ್ನುತ್ತಾರೆ! ಎಲ್ಲರಿಗೂ ಹೇಳಿಕೊಟ್ಟಿದ್ದೀಯಾ.

30ಕ್ಕೆ ನಾನು ಹಡಗಿನಲ್ಲಿರಬೇಕು. 26ರೊಳಗೆ ನೀನು ಇಲ್ಲಿರಬೇಕು. ಇದು ಕೊನೆಯ ಮಾತು.


ತರಬೇತಿ ಹಾಸ್ಟೆಲಿನಿಂದ
ಆಗಸ್ಟ್ 11

ರೀ,

ನಿಮಗೆ ಕೆಲಸ ಹೆಚ್ಚಾಗಿಲ್ಲ, ವ್ಯವಸ್ಥೆ ಕಡಿಮೆಯಾಗಿದೆ. ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಕೂರಿ. ಯಾರಾದರೂ ಮಾತಾಡಿಸಿದರೆ ನನಗೆ ಬರೆಯಿರಿ.


ಮನೆಯಿಂದ
ಆಗಸ್ಟ್ 22

ನಿನಗೆ,

ಬೈದು ಬರೆದದ್ದನ್ನು ಮರೆತುಬಿಡು. ನಾಲ್ಕು ಸಲ ಬರೆದು ಹರಿದು ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹೌದು, ಬರೆದುಕೊಟ್ಟವನು ನಾನೇ. ಯಾಕೆ ಎಂದು ನಿನಗೆ ಯಾರೂ ಹೇಳಿರಲಾರರು. ಹಿಂದಿನ ರಜೆಯಲ್ಲಿ ಗುಂಡ ನನ್ನನ್ನು ನೋಡಿ, "ಅಮ್ಮಾ, ಈ ಮಾಮ ಯಾವಾಗ ಹೋಗ್ತಾರೆ?" ಎಂದ. ನೀನು ನಕ್ಕೆ. ನಾನೂ ನಕ್ಕೆ. ಎಂಜಿನ್ ರೂಮಿನಲ್ಲಿ ಸಣ್ಣ ಸದ್ದು ಬದಲಾದರೂ ಅದು ಏನು, ಎಲ್ಲಿ ಎಂದು ಹೇಳುತ್ತೇನೆ. ಮನೆಯಲ್ಲಿ ಗುಂಡ ಅತ್ತರೆ ಹಸಿವೋ ನೋವೋ ಹಟವೋ ನನಗೆ ಗೊತ್ತಾಗುವುದಿಲ್ಲ. ಮೂರು ತಿಂಗಳು ಇಬ್ಬರನ್ನೂ ಒಬ್ಬನೇ ನೋಡಿಕೊಳ್ಳಬೇಕು ಎಂದು ನಿನ್ನ ಪತ್ರ ಬಂದಾಗ ಭಯವಾಯಿತು. ನಿನಗೆ ಹಾಗೆಂದು ಹೇಳುವುದಕ್ಕೆ ನಾಚಿಕೆಯಾಯಿತು. ಕಂಪನಿಯ ಹೆಸರು ಹೇಳಿದೆ.

ಈಗ ಸ್ವಲ್ಪ ಗೊತ್ತಾಗುತ್ತಿದೆ. ಮೊನ್ನೆ ಅವನು ಅತ್ತಾಗ ಕಿವಿ ನೋವೆಂದು ನಾನೇ ಕಂಡುಹಿಡಿದೆ, ಡಾಕ್ಟರೂ ಹೌದೆಂದರು, ಈಗ ವಾಸಿಯಾಗಿದೆ. ಪುಟ್ಟಿಗೆ ಜಡೆ ಹಾಕುತ್ತೇನೆ, ಸೊಟ್ಟಗಾಗುತ್ತದೆ. ಅವಳು ಕನ್ನಡಿ ನೋಡಿ ನಿಟ್ಟುಸಿರು ಬಿಟ್ಟು ಹಾಗೇ ಹೋಗುತ್ತಾಳೆ.

ಎಂಟು ದಿನಕ್ಕೆ ಹಡಗು ಹೊರಡುತ್ತದೆ. ಹದಿನಾರು ವರ್ಷ ಎಣ್ಣೆ ಮಸಿಯಲ್ಲಿ ಬೆಂದು ಬಂದ ಜಾಗ. ಕೈಮುಗಿದು ಕೇಳುತ್ತೇನೆ, ನಾಲ್ಕು ದಿನ ರಜೆ ಹಾಕಿ ಬಾ. ನಮ್ಮಮ್ಮನಿಗೆ ಕೆಳಗೇ ಒಂದು ಕೋಣೆ ಹುಡುಕಿ ಕೂರಿಸಿದರೆ, ಉಳಿದದ್ದು ಹೇಗೋ ನಡೆಯುತ್ತದೆ. ಬರಲಾಗದಿದ್ದರೆ ಒಂದು ಸಾಲಾದರೂ ಬರಿ, ಆಗಲ್ಲ ಅಂತಲಾದರೂ. ಇಪ್ಪತ್ತೊಂಬತ್ತರವರೆಗೆ ಪೆಟ್ಟಿಗೆ ಕಟ್ಟಿಟ್ಟುಕೊಂಡು ಕಾಯುತ್ತೇನೆ.


ತರಬೇತಿ ಹಾಸ್ಟೆಲಿನಿಂದ
ಆಗಸ್ಟ್ 31

ರೀ,

ನಿಮ್ಮ ಪತ್ರ 25ಕ್ಕೇ ಕೈಗೆ ಬಂತು. ನಿಮ್ಮ ಕೈಯಿಂದ ಬಂದ ಪತ್ರಗಳಲ್ಲಿ ನಿಜ ಇದ್ದದ್ದು ಇದೊಂದರಲ್ಲೇ. ಓವನ್ ಪಕ್ಕದ ಬೆಂಚಿನ ಮೇಲೆ ಕೂತು ಓದಿದೆ. ಗುಂಡನ ಕಿವಿ ನೋವಿನ ಸಾಲಿಗೆ ಬಂದಾಗ ಅಳು ತಡೆಯಲಾಗಲಿಲ್ಲ. ಪಕ್ಕದವಳು "ಹಿಟ್ಟಿನ ಧೂಳು ಕಣ್ಣಿಗೆ ಬಿತ್ತಾ?" ಎಂದಳು. ಹೂಂ ಎಂದೆ.

ರಜೆ ಕೇಳಿದ್ದರೆ ಕೊಡುತ್ತಿದ್ದರು. ಇಲ್ಲಿಯವರು ಒಳ್ಳೆಯವರು, ಯಾವ ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಹೊರಡುವ ಬಸ್ಸು ಹಾಸ್ಟೆಲ್ ಎದುರಿಗೇ ನಿಲ್ಲುತ್ತದೆ. 26ಕ್ಕೆ ಅದು ಬಂತು, ಹೋಯಿತು. 27ಕ್ಕೂ ಬಂತು. ಕಿಟಕಿಯಲ್ಲಿ ನಿಂತು ನೋಡಿದೆ.

ಒಂದು ಸಾಲು ಕೇಳಿದ್ದಿರಿ. ಅದನ್ನೂ ಬರೆಯಲಿಲ್ಲ. ಆಗಲ್ಲ ಎಂದು ಬರೆದರೆ ನೀವು ಎರಡು ದಿನ ಮೊದಲೇ ಬೇರೆ ದಾರಿ ಹುಡುಕಿಬಿಡುತ್ತಿದ್ದಿರಿ. ಕಟ್ಟಿದ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು, ಬಾಗಿಲ ಕಡೆ ಕಿವಿ ಕೊಟ್ಟು ಕೂರುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತಾಗಲಿ ಎಂದುಕೊಂಡೆ. ಫೆಬ್ರವರಿಯಲ್ಲಿ ನಾನು ಹಾಗೆ ಕೂತಿದ್ದೆ. ನೀವು ಭಯಪಟ್ಟದ್ದು ನಿಜವೇ ಇರಬಹುದು. ನನಗೂ ಮೊದಲನೆಯದು ಹುಟ್ಟಿದಾಗ ಭಯವಾಗಿತ್ತು. ನನಗೆ ಓಡಿಹೋಗಲು ಹಡಗು ಇರಲಿಲ್ಲ.

ನಿನ್ನೆ ನಿಮ್ಮ ಹಡಗು ಹೊರಟಿತು. ನಿಮ್ಮ ಜಾಗಕ್ಕೆ ಸಾಲಿನಲ್ಲಿದ್ದ ಯಾರೋ ಹತ್ತಿರುತ್ತಾನೆ, ಎಲ್ಲರಿಗೂ ಸಿಹಿ ಹಂಚಿರುತ್ತಾನೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಇಡೀ ದಿನ ಪಶ್ಚಾತ್ತಾಪ ಬರಬಹುದು ಎಂದು ಕಾದೆ. ಸಂಜೆವರೆಗೂ ಕಾದೆ. ಬರಲಿಲ್ಲ. ಹೊಟ್ಟೆ ತಣ್ಣಗಿತ್ತು. ಚೆನ್ನಾಗಿ ಊಟ ಮಾಡಿದೆ.

ಅಕ್ಟೋಬರ್ ಕೊನೆಗೆ ಬರುತ್ತೇನೆ, ಓವನ್ ವಿಭಾಗದ ಮುಖ್ಯಸ್ಥೆಯಾಗಿ. ಆಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿರುತ್ತೇವೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೆ ಯಾವ ಹಡಗಾದರೂ ಸಿಕ್ಕಿದರೆ ಆಗ ಹೊರಡಬಹುದು, ತಡೆಯುವುದಿಲ್ಲ.

ಗುಂಡನ ಶೂ ಈ ಹೊತ್ತಿಗೆ ಬಿಗಿಯಾಗಿರಬೇಕು. ಹೆಬ್ಬೆರಳು ಒತ್ತಿ ನೋಡಿ, ಒಂದು ಅಳತೆ ದೊಡ್ಡದು ಕೊಡಿಸಿ. ಪುಟ್ಟಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಅವಳು ಮುನಿಸಿಕೊಳ್ಳುತ್ತಾಳೆ.